ಎರಡು ಪೆಟ್ಟು ಕೇಳುವ ಮೊದಲು

ದೀಪ ಸ್ವಲ್ಪ ಸಣ್ಣ ಮಾಡಿ. ಹೆದರುವವರಿದ್ದರೆ ಈಗಲೇ ಒಳಗೆ ಹೋಗಿ ಮಲಗಿ. ನಾನಂತೂ ಆ ಪೈಕಿ ಅಲ್ಲ.

ಮೂರು ವರ್ಷದ ಹಿಂದೆ, ಅರವತ್ತೆರಡನೇ ಇಸವಿಯಲ್ಲಿ, ನನ್ನ ದೊಡ್ಡಪ್ಪನ ಮಗ ತೀರ್ಥರಾಮಣ್ಣ ರಾತ್ರಿ ಒಂಬತ್ತಕ್ಕೆ ಮಂಡೆಕೋಲಿನ ಹಳೇ ಬಾವಿ ದಾಟಿ ನಮ್ಮ ಮನೆಗೆ ಬರುತ್ತಿದ್ದ. ಒಬ್ಬನೇ. ಹಿಂದಿನಿಂದ ಶಬ್ದ... ದಪ್... ದಪ್. ಅಂಗೈಯಲ್ಲಿ ಹಲಗೆಗೆ ಹೊಡೆದ ಹಾಗೆ. ಎರಡೇ ಪೆಟ್ಟು.

ತಿರುಗಿ ನೋಡಿದ. ಬಾವಿಯ ಆಚೆ ಗುರುವಪ್ಪ ಗೌಡರ ಬಸ್ಸಿನ ಕೊಟ್ಟಿಗೆ. ಆಗಷ್ಟೇ ಬೀಗ ಹಾಕಿ ಬಂದದ್ದು. ಕೀ ಅವನ ಸೊಂಟದಲ್ಲೇ ಉಂಟು.

ಕಿವಿ ತಪ್ಪಿರಬಹುದು ಅಂತ ಹೇಳಬೇಡಿ. ಪುತ್ತೂರಿನಲ್ಲಿ ಮೆಕ್ಯಾನಿಕ್ ಅವ, ಇಂಜಿನಿನ ಕೆಮ್ಮು ಕೇಳಿಯೇ ರೋಗ ಹೇಳುವವ. ಕಬಕದಿಂದ ಕಡಬದವರೆಗೆ ಹುಡುಕಿದರೂ ಅಂಥ ಕಿವಿ ನಮ್ಮ ಮನೆತನದಲ್ಲಿ ಮಾತ್ರ. ನನ್ನದು ಅವನದ್ದಕ್ಕಿಂತ ಒಂದು ಕೈ ಮೇಲೆ, ಅದು ಬಿಡಿ.

ಆ ಬಸ್ಸು ಮೊದಲು ಮಿಲಿಟರಿ ಲಾರಿ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ತೆಗೆದು, ಹಲಸಿನ ಹಲಗೆಯ ಬಾಡಿ ಕಟ್ಟಿಸಿ, ಗೌಡರು ಬಸ್ಸು ಮಾಡಿಸಿದ್ದರು. ಹನ್ನೊಂದು ವರ್ಷದಿಂದ ಕೊಟ್ಟಿಗೆಯಲ್ಲೇ ಇತ್ತು. ಆ ಸೋಮವಾರ ಬಸ್ಸು ಪರೀಕ್ಷೆ ಮಾಡಲು ಇನ್ಸ್‌ಪೆಕ್ಟರ್ ಬರುವವರಿದ್ದರು. ಅಷ್ಟರೊಳಗೆ ಅದು ಮಂಡೆಕೋಲಿನ ಏರು ಹತ್ತದಿದ್ದರೆ ಪರ್ಮಿಟ್ ಬೇರೆಯವರ ಪಾಲು. ಅದಕ್ಕೇ ಅಣ್ಣನನ್ನು ಕರೆಸಿದ್ದು. ನಾಲ್ಕು ದಿನ ಅವ ಬಸ್ಸಿನ ಹೊಟ್ಟೆಯೊಳಗೇ ಇದ್ದ. ಟ್ಯಾಂಕಿನಿಂದ ಒಂದು ಸೇರು ತುಕ್ಕು ತೆಗೆದ, ಸೀಟಿನಡಿಯಿಂದ ಇಲಿಯ ಸಂಸಾರ ಒಕ್ಕಲೆಬ್ಬಿಸಿದ. ಪಿಸ್ಟನ್ ಹಿಡಿದುಹೋಗಿತ್ತು. ಸೀಮೆಎಣ್ಣೆ ಹೊಯ್ದು ಎರಡು ರಾತ್ರಿ ನೆನೆಯಲು ಬಿಟ್ಟ.

ಶಬ್ದ ಕೇಳಿದ ಮರುದಿನ ಬೆಳಿಗ್ಗೆ ಅಣ್ಣ ಕೇಳಿದ, "ಗೌಡ್ರೇ, ಕೊಟ್ಟಿಗೆಯೊಳಗೆ ಯಾರು ಹಲಗೆ ಬಡಿಯುದು?"

ಗೌಡರು ತಿನ್ನುತ್ತಿದ್ದ ದೋಸೆ ಬಿಟ್ಟರು. "ಎಷ್ಟು ಪೆಟ್ಟು?"

"ಎರಡು."

"ಹೆಗ್ಗಣ ಇರಬೇಕು."

"ಲೆಕ್ಕ ಕಲಿತ ಹೆಗ್ಗಣವಾ ಮಾರಾಯ್ರೆ?"

"ನೀನು ಬಸ್ಸು ರಿಪೇರಿ ಮಾಡು. ಬಾಯಿ ಮಾಡುದು ಬೇಡ."

ಎರಡು ಪೆಟ್ಟು ಅಂದರೆ ಎಂತ ಅಂತ ಊರಿಗೇ ಗೊತ್ತುಂಟು. ಏರಿನಲ್ಲಿ ಬಸ್ಸು ನಿಂತರೆ ಕ್ಲೀನರ್ ಇಳಿದು ಹಿಂದಿನ ಚಕ್ರಕ್ಕೆ ಮರದ ತುಂಡು ಅಡ್ಡ ಇಡಬೇಕು. ಇಟ್ಟು, ಕೈ ಹೊರಗೆ ತೆಗೆದು, ಬಾಡಿಗೆ ಎರಡು ಪೆಟ್ಟು. ಅದು ಕೇಳುವವರೆಗೆ ಡ್ರೈವರ್ ಬ್ರೇಕಿನಿಂದ ಕಾಲು ತೆಗೆಯುವ ಹಾಗಿಲ್ಲ. ಐವತ್ತೊಂದರಲ್ಲಿ ಗೌಡರೇ ಡ್ರೈವರ್. ಅವಸರ. ಪೆಟ್ಟು ಕೇಳುವ ಮೊದಲೇ ಕಾಲು ತೆಗೆದರು. ಕ್ಲೀನರ್ ಚನಿಯಪ್ಪ ಚಕ್ರದಡಿ ಹೋದ.

ಪೊಲೀಸರಿಗೆ ಗೌಡರು ಹೇಳಿದ್ದೇ ಬೇರೆ. ಕುಡಿದು ಬಸ್ಸಿನಡಿ ಮಲಗಿದ್ದ ಅಂತ. ಪಾನನಿಷೇಧದ ಕಾಲ ನೋಡಿ. ಹೆಣ ಸುಡುವ ಮೊದಲೇ ಪೊಲೀಸರು ಅವನ ಗುಡಿಸಲಿಗೆ ನುಗ್ಗಿ ಕಳ್ಳಭಟ್ಟಿ ಹುಡುಕಿದರು, ಕಂಡ ಮಡಕೆಯನ್ನೆಲ್ಲ ಒಡೆದರು. ಕುಡುಕನ ಹೆಂಡತಿ ಅಂತ ದೇವಮ್ಮನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವಳು ಊರು ಬಿಟ್ಟಳು. ನಿಜ ಗೊತ್ತಿದ್ದವರು ಬಾಯಿ ಬಿಡಲಿಲ್ಲ.

ಶನಿವಾರ ಅಣ್ಣ ಹ್ಯಾಂಡಲ್ ಹಾಕಿ ತಿರುಗಿಸಿದ. ಟುಸ್... ಟುಸ್... ಆಮೇಲೆ ಗುಡುಗುಡುಗುಡು. ಪರ್ಮಿಟ್ ಇಲ್ಲದ ಬಸ್ಸು, ಹಗಲು ತೆಗೆಯುವ ಹಾಗಿಲ್ಲ. ಕತ್ತಲಾದ ಮೇಲೆ ಏರಿಗೆ ಹೊರಟರು. ಸ್ಟಿಯರಿಂಗಿನಲ್ಲಿ ಗೌಡರು, ಹಿಂದೆ ಮರದ ತುಂಡು ಹಿಡಿದು ಅಣ್ಣ.

ಅರ್ಧ ಏರು. ಇಂಜಿನ್ ಬಂದ್.

ಅಣ್ಣ ಇಳಿದು ತುಂಡು ಇಟ್ಟ. ಕೈ ತೆಗೆದ. ಹೊಡೆಯಲು ಅಂಗೈ ಎತ್ತಿದ್ದಾನೆ, ಅಷ್ಟೇ...

ದಪ್... ದಪ್.

"ಸರಿಯಾ?" ಗೌಡರು ಮುಂದಿನಿಂದ ಕೇಳಿದರು.

"ನಾನು ಹೊಡೆದದ್ದಲ್ಲ" ಅಂದ ಅಣ್ಣ, ಮೆಲ್ಲಗೆ.

ಗೌಡರು ಲಾಟೀನು ಹಿಡಿದು ಇಳಿದು ಹಿಂದೆ ಬಂದರು. ಯಾರೂ ಇಲ್ಲ. ಬಗ್ಗಿ ಚಕ್ರದಡಿ ನೋಡಿದರು. ಅಲ್ಲಿಂದ ಸ್ವರ ಬಂತು... ಬಾಯಿಯಲ್ಲಿ ಮಣ್ಣು ತುಂಬಿಕೊಂಡು ಮಾತಾಡಿದ ಹಾಗೆ.

"ಧಣೀ... ನಾನು ಕುಡಿದಿದ್ದೆನಾ?"

ಅಣ್ಣ ಗೌಡರ ರಟ್ಟೆ ಹಿಡಿದ. "ಇಲ್ಲ ಅಂತ ಹೇಳಿ. ಒಂದೇ ಮಾತು. ಹೇಳಿಬಿಡಿ."

ಗೌಡರು ಅವನನ್ನು ಕೊಡವಿದ ರಭಸಕ್ಕೆ ಅವ ಚರಂಡಿಗೆ ಬಿದ್ದ. "ಕುಡಿದಿದ್ದೆ" ಅಂದರು ಗೌಡರು. "ಕುಡಿದೇ ಸತ್ತೆ."

ಕಿರ್ರ್... ಅಂತ ಅಡ್ಡ ಇಟ್ಟ ಮರದ ತುಂಡು ನರಳಿ ಜಾರಿತು. ಬಸ್ಸು ಹಿಂದೆ ಬಂತು. ಚಕ್ರದ ಒಂದೇ ಸುತ್ತು. ಆಮೇಲೆ ಆ ಏರಿನಲ್ಲಿ, ಬ್ರೇಕಿಗೆ ಕಾಲಿಲ್ಲದೆ, ಚಕ್ರಕ್ಕೆ ಅಡ್ಡವಿಲ್ಲದೆ, ಸುಮ್ಮನೆ ನಿಂತಿತು.

ಅಣ್ಣ ಓಡಿ ಬಂದು ನಮ್ಮ ಬಾಗಿಲು ತಟ್ಟಿದ. ಊರಿನ ಗಂಡಸರು ಅಂತ ಏಳು ಜನ ಬಂದಿದ್ದರು, ಆರು ಜನ ದೂರವೇ ನಿಂತರು. ಚಕ್ರದಡಿ ಕೈ ಹಾಕಿ ಗೌಡರನ್ನು ಎಳೆದವ ನಾನು. ಅವರ ತಲೆ ನನ್ನ ತೊಡೆಯ ಮೇಲಿತ್ತು. ಗಪ್ಪನೆ ಸಾರಾಯಿ ವಾಸನೆ.

ಜನ್ಮದಲ್ಲಿ ಮುಟ್ಟದ ಮನುಷ್ಯ. ಹೆಂಡತಿ ಶೀಲಾವತಿಯಮ್ಮ ದೇವರ ಮೇಲೆ ಆಣೆ ಹಾಕಿದರು. ಪೊಲೀಸರು ಕೇಳಲಿಲ್ಲ, ಕುಡಿದು ಬಸ್ಸಿನಡಿ ಮಲಗಿದ್ದು ಅಂತ ಬರೆದುಕೊಂಡರು. ಮರುದಿನ ಗೌಡರ ದೊಡ್ಡ ಮನೆಗೆ ಬಂದು ಅಟ್ಟದಿಂದ ಬಚ್ಚಲಿನವರೆಗೆ ಹುಡುಕಿದರು. ಮಡಕೆ ಒಡೆಯುವ ಶಬ್ದ ನಮ್ಮ ಅಂಗಳಕ್ಕೆ ಕೇಳುತ್ತಿತ್ತು.

ನಂಬದವರು ನಂಬುದು ಬೇಡ. ಹೆಣ ಎತ್ತಿದ ಕೈ ನನ್ನದು, ಮೂಗೂ ನನ್ನದೇ. ಬಾಯಿ ತುಂಬ ಸಾರಾಯಿ ಇತ್ತು, ತುಟಿ ತುಳುಕುವಷ್ಟು... ಅಂಗಿಯ ಮೇಲೆ ಒಂದು ಹನಿ ಇರಲಿಲ್ಲ.