ಮೂರನೇ ಕೂಗು

ನಂಜನಗೂಡಿನಲ್ಲಿ ಅವತ್ತು ಸಂಜೆಯಿಂದಲೇ ಮಳೆ ಹಿಡಿದಿತ್ತು. ಕರೆಂಟು ಹೋದ ಕೂಡಲೇ ವಠಾರದ ಮಕ್ಕಳೆಲ್ಲ ಎಂದಿನಂತೆ ಮುದ್ದಮ್ಮನ ನಡುಮನೆಗೆ ಬಂದು ಗೋಡೆಗೊರಗಿ ಕೂತರು. ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ನಯನಳೂ ಇಳಿದು ಬಂದಿದ್ದಳು. ಇಡೀ ಮನೆಗೆ ಬೆಳಕೆಂದರೆ ಮೂಲೆಯ ಗೂಡಿನಲ್ಲಿ ಉರಿಯುತ್ತಿದ್ದ ಒಂದು ಎಣ್ಣೆ ದೀಪ. ಅದರ ಪಕ್ಕದಲ್ಲಿ ಹಳೇ ರೇಡಿಯೋದಿಂದ ಬಿಚ್ಚಿದ ದುಂಡನೆಯ ಸ್ಪೀಕರು, ಮುಂದೆ ಒಂದು ಹಿಡಿ ಕಡ್ಲೆಪುರಿ. ದೀಪವನ್ನು ಎಲ್ಲರ ನಡುವೆ ಇಡೋಣವೆಂದು ನಯನ ಕೈ ಚಾಚಿದಳು.

"ಲೇ, ಮುಟ್ಬ್ಯಾಡ!"

ಮುದ್ದಮ್ಮ ಗದರಿದ ರಭಸಕ್ಕೆ ನಯನಳ ಕೈ ಅಲ್ಲೇ ನಿಂತಿತು. ಆಮೇಲೆ ಮುದುಕಿಗೇ ಪಾಪ ಅನ್ನಿಸಿತೋ ಏನೋ, ಎಲೆಅಡಿಕೆ ಬಾಯಿಗಿಟ್ಟುಕೊಂಡು ದನಿ ಇಳಿಸಿದಳು.

"ಬೈದೆ ಅಂತ ಮೊಕ ಊದಿಸ್ಕಬ್ಯಾಡ ಕಣವ್ವಾ. ಆ ದೀಪ ಅಲ್ಲೇ ಇರ್ಬೇಕು. ಯಾಕೆ ಅಂತೀಯಾ? ಯೋಳ್ತೀನಿ ಕೂತ್ಕ... ನಮ್ಮೆಜಮಾನ್ರು ಚಿಕ್ಕಸ್ವಾಮಿ ಇದ್ದಾಗ ಮುಂದ್ಗಡೆ ರೂಮೇ ಅವ್ರ ರೇಡಿಯೋ ಅಂಗ್ಡಿ. ಊರೆಲ್ಲ ಟೀವಿ ಮುಂದೆ ಕುಂತಿದ್ರೂ ಈ ಪುಣ್ಯಾತ್ಮ ಮಾತ್ರ ಓಬೀರಾಯನ ಕಾಲದ ರೇಡಿಯೋ ಬಿಚ್ಚಿ, ಒರ್ಸಿ, ಪಾಲೀಸ್ ಆಕಿ, ಮದ್ವೆ ಗಂಡಿನಂಗೆ ಮಾಡಿ ಕೊಡೋರು. 'ನನ್ನ ಮೊಕಾನ ಒಂದಿನ ಇಷ್ಟೊತ್ತು ನೋಡಿಲ್ವಲ್ರೀ' ಅಂತ ನಾನು ಆಡ್ಕತಿದ್ದೆ.

"ತೊಂಬತ್ತಾರನೇ ಇಸ್ವಿ ಇರ್ಬೇಕು. ಮೂಗೂರಿಂದ ನಂಜೇಶ ಅಂತ ಒಬ್ಬ, ದುಪ್ಟೀಲಿ ಸುತ್ಕಂಡು ಒಂದು ದೊಡ್ಡ ಮರದ ರೇಡಿಯೋ ತಂದ. ಅವ್ನ ಅಕ್ಕ ಮಲ್ಲಾಜಮ್ಮಂದಂತೆ. ಆಯಮ್ಮಂಗೆ ಒಬ್ಳೇ ಮಗ್ಳು, ಶಿವರಂಜನಿ. ಇನ್ನೂ ಸ್ಕೂಲಿಗೂ ಸೇರ್ದೇ ಇದ್ದ ಕೂಸು, ಜ್ವರ ಬಂದು ಓಗ್ಬುಟ್ಟಿತ್ತು. ಅವತ್ತಿಂದ ಅಕ್ಕ ದಿನಾ ದೀಪ ಅಚ್ಚೋ ಒತ್ಗೆ ಈ ಗೊರಗೊರ ಅನ್ನೋ ರೇಡಿಯೋ ಮುಂದೆ ಕುಂತ್ಬುಡ್ತಾಳೆ, ಸರಿ ಮಾಡಿಸ್ಕೊಟ್ರೆ ಒಂದು ಆಡಾದ್ರೂ ನೆಟ್ಟಗೆ ಕೇಳ್ಲಿ ಅಂತ ಅವ್ನಾಸೆ. ಅವ್ಳಿಗೆ ಯೋಳ್ದೇನೇ ಎತ್ಕಂಬಂದಿದ್ದ. ಒಳ್ಳೆ ಮನ್ಸಿಂದ ತಂದದ್ದು, ಪಾಪ... ಅವ್ನನ್ನ ಅನ್ನಾಕಾಯ್ತದಾ?

"ಅವತ್ತು ಸಂಜೇನೇ ನಮ್ಮೋರು ಇಂದ್ಗಡೆ ರಟ್ಟು ಬಿಚ್ಚಿದ್ರು. ಒಳ್ಗೆ ಏನಿತ್ತು ಗೊತ್ತಾ? ಧೂಳು, ಜೇಡನ ಬಲೆ... ಅದ್ರ ಮದ್ಯೆ ಮುಗ್ಗಿದ ಕಡ್ಲೆಪುರಿ, ಉಣ್ಸೆಬೀಜ, ಒಂದು ಪುಟಾಣಿ ಬಳೆ. ಒಳ್ಗೆ ಕುಂತು ಮಾತಾಡೋರ್ಗೆ ಅಸಿವಾಯ್ತದೆ ಅಂತ ಆ ಕೂಸು ಇಂದ್ಲ ತೂತಲ್ಲಿ ತುರುಕ್ತಿತ್ತಂತೆ! ನಮ್ಮೋರು ಅದ್ನೆಲ್ಲ ಎತ್ತಿ ತಟ್ಟೆಗಿಟ್ರು. ಬಲ್ಬಿನಂಗಿರೋ ವಾಲ್ವುಗಳ್ನ ಒಂದೊಂದೇ ಕಿತ್ರು. ಕೊನೇಗೆ ಸ್ಪೀಕರ್ ವಯರಿಗೆ ಕಾದ ಬೆಸುಗೆ ಕಡ್ಡಿ ಇಟ್ರು ನೋಡು... 'ಅವ್ವಾ' ಅಂತು.

"ರೇಡಿಯೋಗೆ ಕರೆಂಟಿಲ್ಲ, ವಾಲ್ವಿಲ್ಲ, ಏನೂ ಇಲ್ಲ. ಬೀದಿ ಮಗಾ ಇರ್ಬೇಕು ಅಂದ್ಕಂಡ್ರು. ಇನ್ನೊಂದು ವಯರು ಬಿಡ್ಸಿದ್ರು... 'ಅವ್ವಾ'. ಒತ್ತು ಮುಳುಗಿದ್ಮೇಲೆ ಯಾರೇ ಕೂಗುದ್ರೂ ಮೂರು ಸಲ ಆಗೋಗಂಟ ಓಗೊಡಾಕಿಲ್ಲ ನಮ್ ಕಡೆ. ದೆವ್ವ ಗಾಳಿ ಮೂರ್ನೇ ಸಲ ಕೂಗಾಕಿಲ್ವಂತೆ. ನಮ್ಮೋರು ಸುಮ್ಕಿದ್ರು. ಸ್ಪೀಕರು ಬಿಚ್ಕಂಡು ಬೊಗ್ಸೆಗೆ ಬಂತು... 'ಅವ್ವಾ!' ಅಳ್ತಾ ಕರೀತು ಕಣವ್ವಾ, ಮೂರ್ನೇ ಸಲ. ಯಾವ ಎದೆ ತಡೀತದೆ? ಮಕ್ಳಿಲ್ದ ಮನೆ ನಮ್ದು... 'ಓ ಮಗಾ' ಅಂದ್ಬುಟ್ರು.

"ಮಾರ್ನೇ ದಿನ ಮೊದಲ್ನೇ ಬಸ್ಸಿಗೇ ಮಲ್ಲಾಜಮ್ಮ ಓಡ್ಬಂದ್ಳು. ಬಿಚ್ಚಾಕಿದ್ದ ಸಾಮಾನ್ನೆಲ್ಲ ನೋಡಿ ಕೇಳಿದ್ದು ಒಂದೇ ಮಾತು, 'ಕೂಗುದ್ಲಾ?' ದಿನಾ ಎರಡೇ ಸಲ ಕೂಗೋಳಂತೆ. ಗಾಳಿ ಚೇಷ್ಟೆ, ಓಗೊಟ್ಟೀಯೆ ಜೋಕೆ ಅಂತ ಅತ್ತೆ ಬಾಯಿ ಕಟ್ಟಿದ್ಲಂತೆ. ಮೂರ್ನೇದು ಕೂಗ್ಲಿ, ನನ್ ಮಗ್ಳೇ ಅಂತ ಓಡೋಗಿ ತಬ್ಕತೀನಿ ಅಂತ ವರ್ಸಗಟ್ಲೆ ಕಾದಿದ್ಲು ಆ ತಾಯಿ... ನಮ್ಮೋರು ತಲೆ ಎತ್ನಿಲ್ಲ. 'ಮೂರ್ನೇದೂ ಕೂಗ್ತು ತಾಯಿ. ನಾನು ಓಗೊಟ್ಬುಟ್ಟೆ' ಅಂದ್ರು.

"ಬೈದಿದ್ರೆ ಚೆಂದಾಗಿತ್ತು. ಬೈನಿಲ್ಲ. ಸ್ಪೀಕರ್ಗೆ ಬಾಯಿಟ್ಟು 'ಓ ರಂಜೂ, ಓ... ನಾನಿಲ್ಲೇ ಇವ್ನಿ' ಅಂತ ಕರುದ್ಳು, ಕರುದ್ಳು... ಸ್ಪೀಕರು ಉಸಿರೇ ಬುಡ್ನಿಲ್ಲ. ಆಮೇಲೆ ಕಣ್ಣೊರ್ಸ್ಕಂಡು, ಆ ಪುಟ್ಟ ಬಳೇನ ಸೆರಗಲ್ಲಿ ಗಂಟಾಕಂಡು ಎದ್ಳು. 'ಓ ಅಂದೋರ ಅಟ್ಟೀಲೇ ಇರ್ಲಿ ಬುಡಿ. ಕಡ್ಲೆಪುರಿ ಅಂದ್ರೆ ಪ್ರಾಣ ಅವ್ಳಿಗೆ. ಕತ್ಲಂದ್ರೆ ಎದುರ್ಕತಾಳೆ, ದೀಪ ಮಾತ್ರ ಆರಿಸ್ಬ್ಯಾಡಿ' ಅಂದ್ಳು. ಮಗ್ಳನ್ನ ಗಂಡನ ಮನೆಗೆ ಒಪ್ಪಿಸ್ದಂಗೆ ಒಪ್ಪಿಸ್ಬುಟ್ಟು, ತಿರುಗಿ ತಿರುಗಿ ನೋಡ್ತಾ ಓದ್ಳು. ಅವತ್ತು ಅತ್ತಷ್ಟು ನಾನು ನಮ್ಮೋರು ತೀರೋದಾಗ್ಲೂ ಅಳ್ನಿಲ್ಲ ಕಣೇ..."

ಮುದ್ದಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಅಷ್ಟರಲ್ಲಿ ಮಳೆಯ ಎರಚಲಿನೊಂದಿಗೆ ಗಾಳಿ ನುಗ್ಗಿ ದೀಪ ಆರಿತು. ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡರು. ಕತ್ತಲಲ್ಲಿ ಮುದುಕಿ ಬೆಂಕಿಪೊಟ್ಟಣಕ್ಕೆ ತಡಕಾಡುವುದು ಕೇಳಿಸಿತು.

"ಎದುರ್ಕಬ್ಯಾಡ ಮಗಾ... ಬಂದೆ, ಬಂದೆ."

"ನನಗೇನೂ ಹೆದರಿಕೆ ಇಲ್ಲ ಅಜ್ಜಿ," ಎಂದಳು ನಯನ. ಪಕ್ಕದ ಮಗುವಿನ ತೋಳನ್ನು ಅವಳೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನಿಂಗಲ್ಲ ಕಣವ್ವಾ ಯೋಳಿದ್ದು."