‘ತೃ’ ಆದ ಮೇಲಿನ ಅಕ್ಷರ

೨೦೦೬ರ ಒಂದು ಬೆಳಿಗ್ಗೆ ಕೊಚ್ಚಿಯ ಕಲೂರ್ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಗಂಡ ಹೆಂಡತಿ ಕಾಸರಗೋಡಿನ ಕನ್ನಡದಲ್ಲಿ ವಾದಿಸುತ್ತಿದ್ದರು. ಬಸ್ಸೊಂದು ಬಂದು ನಿಂತಿತು.

“ಬೋರ್ಡು ಓದಿ.”

“ತೃಕ್ಕಾಕ್ಕರ. ನಮ್ಮದೇ. ಹತ್ತು ವಿಜಯಾ.”

“ಅದು ನೀವು ಊಹಿಸಿದ್ದು, ಓದಿದ್ದಲ್ಲ.”

“ಮೊದಲನೇ ಅಕ್ಷರ ‘ತೃ’ ಅಲ್ವಾ?”

“ಆಮೇಲಿನದ್ದು?”

“ಮೊದಲೆಲ್ಲ ಒಂದಕ್ಷರ ಕಂಡರೆ ಇಡೀ ಶಬ್ದ ತಾನಾಗಿ ಬರ್ತಿತ್ತು ಮಾರಾಯ್ತಿ.”

“ಅದು ಸ್ಟ್ರೋಕ್ ಆಗುವ ಮೊದಲು. ಈಗ ಬೆರಳಿಂದ ಬರೆದು ನೋಡಿ. ಕಣ್ಣು ಮರೆತದ್ದು ಕೈಗೆ ನೆನಪುಂಟು ಅಂತ ಡಾಕ್ಟ್ರು ಹೇಳಿಲ್ವಾ?”

ಅವರು ಬೋರ್ಡಿನ ಮೇಲೆ ಕಣ್ಣಿಟ್ಟು ತಮ್ಮ ಅಂಗೈಯಲ್ಲಿ ಬೆರಳಾಡಿಸಿದರು.

“ತೃ... ಪ್ಪೂ... ಅಯ್ಯೋ, ತೃಪ್ಪೂಣಿತ್ತುರ!”

“ಹತ್ತಿದ್ದರೆ ಬೇರೆ ಊರಿಗೇ ಹೋಗಿ ಒಳ್ಳೆ ತಮಾಷೆ ಆಗ್ತಿತ್ತು.”

ಬಸ್ಸು ಹೋಯಿತು. ಗಂಡನ ದನಿ ತಗ್ಗಿತು.

“ಸೋಮವಾರ ಕೆಲಸಕ್ಕೆ ಹೋಗ್ಬೇಕು. ಕೋರ್ಟಿನ ಅನುವಾದಕ ಇಷ್ಟು ನಿಧಾನಕ್ಕೆ ಓದಿದರೆ ಯಾರು ಕಾಯ್ತಾರೆ?”

“ಒಂದು ತೀರ್ಪಿಗೆ ಜನ ವರ್ಷಗಟ್ಟಲೆ ಕಾಯ್ತಾರಲ್ಲ, ಕೋರ್ಟಿನವರೂ ಸ್ವಲ್ಪ ಕಾಯ್ಲಿ.”

ಇನ್ನೊಂದು ಬಸ್ಸು ಬಂತು. ಈ ಸಲ ಅವರು ಹೆಂಡತಿಯ ಅಂಗೈಯನ್ನೇ ಎಳೆದುಕೊಂಡು ಬರೆಯತೊಡಗಿದರು.

“ತೃ... ಕ್ಕಾ...”

“ಕಚಗುಳಿ ಆಗ್ತದೆ ಮಾರಾಯ್ರೆ!”

ಕಂಡಕ್ಟರ್ ಬೆಲ್ ಹೊಡೆದ. ಕೈ ಬಿಡಿಸಿಕೊಳ್ಳದೆಯೇ ವಿಜಯಾ ಇನ್ನೊಂದು ಕೈಯಿಂದ ಬಸ್ಸಿನ ತಗಡಿಗೆ ಬಡಿದು ಮಲಯಾಳದಲ್ಲಿ ಕೂಗಿದರು:

“ನಿಲ್ಲಿಸು ಮೋನೇ, ನಿಲ್ಲಿಸು ಮಗಾ! ಇವರು ಓದ್ತಾ ಇದ್ದಾರೆ!”

ಬಸ್ಸು ನಿಂತಿತು.

“ಕ್ಕ... ರ” ಎಂದು ಪೂರ್ತಿ ಮುಗಿಸಿಯೇ ಅವರು ಮೆಟ್ಟಿಲ ಮೇಲೆ ಕಾಲಿಟ್ಟರು.