ಉಸಿರು ಹಿಡಿದವನ ಚೀಲ

ಎಕ್ಸ್‌ರೇ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ದರ್ಜಿಯಮ್ಮನಿಗೆ ಪಕ್ಕದ ಬೆಂಚಿನ ಅಕ್ಕ ತಮ್ಮನ ಪಿಸುಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮನ ಹಣೆಗೆ ಬ್ಯಾಂಡೇಜು, ಮೈಮೇಲೆ ಬಣ್ಣದ ಕಾರ್ಖಾನೆಯ ಅಂಗಿ.

"ಅಷ್ಟು ಹೊತ್ತು ಯಾಕೋ ಉಸಿರು ಹಿಡಿದೆ?"

"ಗಾಳಿ ಆಡ್ಲಿ ಅಂತ ಕಿಟಕಿ ಕೇಳಿದ್ವಿ. ಕಾರ್ಖಾನೆಯವರು ಉಸಿರಾಟ ಕಲಿಸೋ ಗುರುಗಳನ್ನ ಕರೆಸಿದ್ರು. ಆದಷ್ಟು ಹೊತ್ತು ಉಸಿರು ಹಿಡೀರಿ ಅಂದ್ರು ಗುರುಗಳು. ಮ್ಯಾನೇಜರ್ ನನ್ನನ್ನೇ ನೋಡ್ತಿದ್ರು ಅಕ್ಕ. ಅವರ ಮುಂದೆ ಸೋಲಬಾರದು ಅನ್ನಿಸ್ತು."

"ಪ್ರಾಣ ಹೋಗಿದ್ರೆ?"

"ಕಣ್ಣಿಗೆ ಕತ್ತಲೆ ಬಂದು ಬಿದ್ದೆ, ಅಷ್ಟೆ. ನನ್ನ ಭಯ ಅದಲ್ಲ."

"ಮತ್ತೇನು?"

"ಎಚ್ಚರ ಆದಾಗ ಮ್ಯಾನೇಜರ್ ಕೈಲಿ ನನ್ನ ಚೀಲ ಇತ್ತು."

"ಆ ಎಡಪಂಥದ ಪುಸ್ತಕ ಅಲ್ಲಿಗೆ ಒಯ್ಯಬೇಡ ಅಂತ ಬಡ್ಕೊಂಡೆ!"

"ಪುಸ್ತಕ ಹಾಳಾಗ್ಲಿ. ಅದರೊಳಗೆ ಕಾರ್ಮಿಕರ ಸಂಘ ಕಟ್ಟೋಕೆ ಸಹಿ ಹಾಕಿದವರ ಪಟ್ಟಿ ಇತ್ತು."

ಅಕ್ಕ ದನಿಯನ್ನು ಇನ್ನೂ ತಗ್ಗಿಸಿದಳು. "ಯಾರ್‌ಯಾರದು?"

"ಮೂವತ್ತು ಜನರದು. ಮೊದಲನೇ ಸಹಿ ಭಾವಂದು."

"ನಮ್ಮನೆಯವರದ್ದಾ? ನಂಗೊಂದು ಮಾತೂ ಹೇಳಿಲ್ವಲ್ಲೋ!"

"ನೀನು ಹೆದರ್ತೀಯ ಅಂತ."

"ಈಗ ಎಲ್ಲಿದ್ದಾರೆ ಅವರು?"

"ಮಧ್ಯಾಹ್ನದ ಪಾಳಿಗೆ ಹೋದ್ರು. ಆಗ್ಲಿಂದ ಫೋನ್ ಮಾಡ್ತಿದ್ದೀನಿ, ತೆಗೀತಿಲ್ಲ."

ನರ್ಸ್ ಬಾಗಿಲಿಗೆ ಬಂದು ತಮ್ಮನ ಹೆಸರು ಕೂಗಿದಳು. ಅವನು ಗೋಡೆ ಹಿಡಿದು ಎದ್ದ. ಅಕ್ಕ ಅವನ ಜೊತೆ ಒಳಗೆ ಹೋಗಲಿಲ್ಲ. ಚಪ್ಪಲಿಯನ್ನು ಕಾಲಿಗೆ ಸರಿಯಾಗಿ ಸಿಕ್ಕಿಸಿಕೊಳ್ಳದೆಯೇ ಬೀದಿಯ ಕಡೆಗೆ ಓಡಿದಳು.